ಜನವರಿಯ ಇಸ್ತಾಂಬುಲ್‌ನಲ್ಲಿ ನಿಕಾ ದಂಗೆಯ ಜಾಡು ಹಿಡಿದು

ಮೊದಲನೆಯ ದಿನ: ಆಚೆ ದಡ, ಈಚೆ ದಡ

ಇಸ್ತಾಂಬುಲ್ ನೋಡಲು ಹೋಗುವವರು ಹೆಚ್ಚಾಗಿ ಟ್ಯೂಲಿಪ್ ಅರಳುವ ಏಪ್ರಿಲ್ ತಿಂಗಳನ್ನೋ ಬಿಸಿಲು ಇಳಿದ ಅಕ್ಟೋಬರನ್ನೋ ಆರಿಸಿಕೊಳ್ಳುತ್ತಾರೆ. ನಾನು ಜನವರಿಯ ನಡುವಿನ ವಾರವನ್ನೇ ಆರಿಸಿಕೊಂಡೆ. ಕ್ರಿ.ಶ. 532ರಲ್ಲಿ, ಈ ಊರು ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದಾಗ, ಇದೇ ವಾರದಲ್ಲಿ ಜನರು ತಮ್ಮ ಚಕ್ರವರ್ತಿ ಜಸ್ಟಿನಿಯನ್‌ನ ವಿರುದ್ಧ ಎದ್ದು, ರಾಜಧಾನಿಯ ನಡುಭಾಗವೇ ಸುಟ್ಟುಹೋಗಿ, ಕೊನೆಗೆ ಒಂದೇ ದಿನದಲ್ಲಿ ಸಾವಿರಾರು ಮಂದಿ ಸೈನಿಕರ ಕತ್ತಿಗೆ ಬಲಿಯಾಗಿದ್ದರು. ಚರಿತ್ರೆಯ ಪುಸ್ತಕಗಳು ಇದನ್ನು ‘ನಿಕಾ ದಂಗೆ’ ಎನ್ನುತ್ತವೆ. ರಥಪಂದ್ಯದ ಎರಡು ಬಣಗಳ ಅಭಿಮಾನಿಗಳು ಹುಚ್ಚೆದ್ದು ಮಾಡಿದ ಗಲಭೆಯೆಂದು ಇದನ್ನು ಎರಡು ಸಾಲಿನಲ್ಲಿ ಮುಗಿಸುವ ಬರಹಗಳನ್ನು ಓದಿದಾಗಲೆಲ್ಲ ನನಗೆ ಅಸಮಾಧಾನವಾಗುತ್ತಿತ್ತು. ಆ ಜನ ಏನನ್ನು ಕೇಳಿದರು, ಎಲ್ಲಿ ನಿಂತು ಕೇಳಿದರು, ಅವರಿಗೆ ಯಾರು ಏನು ಉತ್ತರ ಕೊಟ್ಟರು ಎಂಬುದನ್ನು ಆಯಾ ಜಾಗಗಳಲ್ಲೇ ನಿಂತು ಯೋಚಿಸಬೇಕೆಂಬುದು ಈ ಪ್ರಯಾಣದ ಉದ್ದೇಶವಾಗಿತ್ತು.

ಬೆಂಗಳೂರಿನಿಂದ ಮುಂಬೈ ಮೂಲಕ ಬಂದು ಇಳಿದ ದಿನ ಸಣ್ಣ ಮಳೆ ಹಿಡಿದಿತ್ತು. ಸಾಮಾನನ್ನು ಕೊಠಡಿಯಲ್ಲಿಟ್ಟು, ಟ್ರಾಮ್ ಹಿಡಿದು ಮೊದಲು ಹೋದದ್ದು ಪ್ರವಾಸಿಗರು ಕಿಕ್ಕಿರಿಯುವ ಹಳೆಯ ನಗರಕ್ಕಲ್ಲ, ಗೋಲ್ಡನ್ ಹಾರ್ನ್ ಎಂಬ ಸಮುದ್ರದ ಕವಲಿನ ಆಚೆ ದಡದ ಕರಾಕೊಯ್‌ಗೆ. ದಂಗೆಯ ಕಥೆ ಶುರುವಾಗುವುದು ಆಚೆ ದಡದಲ್ಲಿ. 532ರ ಜನವರಿಯ ಆರಂಭದಲ್ಲಿ ನಡೆದ ಒಂದು ಘರ್ಷಣೆಗಾಗಿ ನಗರಾಧಿಕಾರಿ ಯುಡೇಮನ್ ಏಳು ಮಂದಿಗೆ ಮರಣದಂಡನೆ ವಿಧಿಸಿದ್ದ. ನೇಣುಗಂಬ ಮುರಿದು ಇಬ್ಬರು ಜೀವಂತವಾಗಿ ನೆಲಕ್ಕೆ ಬಿದ್ದರು. ಮತ್ತೆ ಏರಿಸಿದಾಗ ಮತ್ತೆ ಬಿದ್ದರು. ನೋಡುತ್ತಿದ್ದ ಜನ ಚಕ್ರವರ್ತಿಗೆ ಜಯಕಾರ ಹಾಕಿ ಕ್ಷಮೆ ಬೇಡಿದರು. ಹತ್ತಿರದ ಸಂತ ಕೊನೋನ್ ಮಠದ ಸನ್ಯಾಸಿಗಳು ಆ ಇಬ್ಬರನ್ನು ದೋಣಿಗೆ ಹತ್ತಿಸಿ, ನೀರು ದಾಟಿಸಿ, ಸಂತ ಲಾರೆನ್ಸ್‌ನ ಇಗರ್ಜಿಯೊಳಗೆ ಆಶ್ರಯ ಕೊಟ್ಟರು. ಯುಡೇಮನ್ ಇಗರ್ಜಿಯ ಸುತ್ತ ಕಾವಲು ಹಾಕಿಸಿದ. ಬದುಕುಳಿದ ಆ ಇಬ್ಬರಲ್ಲಿ ಒಬ್ಬ ನೀಲಿ ಬಣದವನು, ಇನ್ನೊಬ್ಬ ಹಸಿರು ಬಣದವನು.

ಆ ಸಣ್ಣ ವಿವರದಲ್ಲಿ ಮುಂದಿನದೆಲ್ಲ ಅಡಗಿದೆ. ನೀಲಿ ಮತ್ತು ಹಸಿರು ಎಂದರೆ ಹಿಪ್ಪೊಡ್ರೋಮ್‌ನ ರಥಪಂದ್ಯಗಳಲ್ಲಿ ಸ್ಪರ್ಧಿಸುವ ಬಣ್ಣಗಳು. ಕೆಂಪು, ಬಿಳಿ ಎಂಬ ಇನ್ನೆರಡು ಬಣ್ಣಗಳೂ ಇದ್ದವು, ಆದರೆ ಆ ಹೊತ್ತಿಗೆ ಅವುಗಳ ತೂಕ ಕಡಿಮೆಯಾಗಿತ್ತು. ಒಂದು ಬಣ್ಣದವರು ಇನ್ನೊಂದರವರನ್ನು ಬೀದಿಯಲ್ಲಿ ಕಂಡರೆ ಕೈಮಾಡುವಷ್ಟು ದ್ವೇಷವಿತ್ತು. ಜಸ್ಟಿನಿಯನ್ ಪಟ್ಟಕ್ಕೆ ಬರುವ ಮುನ್ನ ನೀಲಿ ಬಣದ ಬೆಂಬಲಿಗನಾಗಿದ್ದು, 527ರಲ್ಲಿ ಚಕ್ರವರ್ತಿಯಾದ ಮೇಲೆ ಎರಡೂ ಬಣಗಳನ್ನು ಹದ್ದುಬಸ್ತಿನಲ್ಲಿಡಲು ಹೊರಟಿದ್ದ. ಬದ್ಧವೈರಿಗಳಿಬ್ಬರಿಗೂ ಒಂದೇ ನೇಣುಗಂಬ, ಒಂದೇ ಆಶ್ರಯ, ಒಂದೇ ಕಾವಲು ಸಿಕ್ಕಿದಾಗ ಅವರ ಬೇಡಿಕೆಯೂ ಒಂದೇ ಆಯಿತು.

ಕರಾಕೊಯ್‌ನಿಂದ ಗಲಾಟಾ ಸೇತುವೆಯ ಮೇಲೆ ನಡೆದೇ ಈಚೆಗೆ ಬಂದೆ. ಸೇತುವೆಯ ಕಟಕಟೆಗೆ ಗಾಳ ಒರಗಿಸಿ ನಿಂತ ಮೀನುಗಾರರ ಸಾಲು ಮಳೆಯಲ್ಲೂ ಕರಗಿರಲಿಲ್ಲ.

ಎರಡನೆಯ ದಿನ: ಹಿಪ್ಪೊಡ್ರೋಮ್

ಸುಲ್ತಾನ್‌ಅಹ್ಮೆತ್ ಚೌಕದ ಉದ್ದನೆಯ ಬಯಲು ಹಳೆಯ ಹಿಪ್ಪೊಡ್ರೋಮ್‌ನ ಓಟದ ಕಣ. ಆಗಿನ ನೆಲಮಟ್ಟ ಈಗಿನದಕ್ಕಿಂತ ಹಲವು ಅಡಿ ಕೆಳಗಿರುವುದರಿಂದ ಉಳಿದಿರುವ ಮೂರು ಸ್ತಂಭಗಳೂ ತೋಡಿದ ಗುಂಡಿಗಳಲ್ಲಿ ನಿಂತಿವೆ: ಈಜಿಪ್ಟಿನ ಕಾರ್ನಾಕ್‌ನಿಂದ ತಂದ ಮೂರನೆಯ ಥುಟ್‌ಮೋಸನ ಶಿಲಾಸ್ತಂಭ, ಡೆಲ್ಫಿಯಿಂದ ತಂದ ಕಂಚಿನ ಸರ್ಪಸ್ತಂಭ, ಮತ್ತು ಇಲ್ಲಿಯೇ ಕಲ್ಲು ಜೋಡಿಸಿ ಕಟ್ಟಿದ ಎತ್ತರದ ಕಂಬ. ರಥಗಳು ಇವುಗಳನ್ನು ಸುತ್ತಿ ಓಡುತ್ತಿದ್ದವು. ಸುತ್ತಲಿನ ಮೆಟ್ಟಿಲುಸಾಲುಗಳಲ್ಲಿ ಹತ್ತಾರು ಸಾವಿರ ಜನ ಕೂರುತ್ತಿದ್ದರು. ಪೂರ್ವದ ಬದಿಯಲ್ಲಿ, ಅರಮನೆಯಿಂದ ನೇರವಾಗಿ ಬರುವ ದಾರಿಯ ತುದಿಯಲ್ಲಿ, ಕಥಿಸ್ಮಾ ಎಂಬ ರಾಜಮಂಟಪವಿತ್ತು. ಚಕ್ರವರ್ತಿ ಬೀದಿಗೆ ಇಳಿಯದೆ ಜನರೆದುರು ಬರಬಹುದಾಗಿತ್ತು, ಬೇಡವೆನಿಸಿದರೆ ಹಾಗೆಯೇ ಹಿಂದಿರುಗಬಹುದಾಗಿತ್ತು.

ಪ್ರಜಾಸಭೆಯಾಗಲಿ ಚುನಾವಣೆಯಾಗಲಿ ಇಲ್ಲದ ಆ ಸಾಮ್ರಾಜ್ಯದಲ್ಲಿ ಸಾಮಾನ್ಯರು ಒಟ್ಟಾಗಿ ಅರಸನ ಕಿವಿಗೆ ಬೀಳುವಂತೆ ಮಾತನಾಡಬಹುದಾಗಿದ್ದ ಜಾಗ ಇದು. ಒಬ್ಬ ಮುಂದಾಳು ಹೇಳಿಕೊಟ್ಟ ಸಾಲನ್ನು ಸಾವಿರಾರು ಕಂಠಗಳು ಲಯಬದ್ಧವಾಗಿ ಕೂಗುತ್ತಿದ್ದವು. ಮಂಟಪದಿಂದ ರಾಜಘೋಷಕ ಉತ್ತರ ಕೊಡುತ್ತಿದ್ದ. ಇದು ಬರಿಯ ರೂಢಿಯೂ ಆಗಿರಲಿಲ್ಲ. ಒಳ್ಳೆಯ ಪ್ರಾಂತಾಧಿಕಾರಿಗಳನ್ನು ಜನರು ಘೋಷಣೆಗಳಿಂದ ಹೊಗಳಲಿ, ಕೆಟ್ಟವರನ್ನು ದೂರಲಿ, ಆ ಕೂಗುಗಳನ್ನು ಮೇಲಧಿಕಾರಿಗಳು ತನಗೆ ತಿಳಿಸಲಿ ಎಂದು ಚಕ್ರವರ್ತಿ ಕಾನ್‌ಸ್ಟಾಂಟೀನ್ 331ರಲ್ಲಿ ಕಾನೂನನ್ನೇ ಹೊರಡಿಸಿದ್ದ. ಜನರ ಕೂಗು ಆಡಳಿತದ ಒಂದು ಅಂಗವಾಗಿತ್ತು. ಆದ್ದರಿಂದ ಹಿಪ್ಪೊಡ್ರೋಮ್‌ನಲ್ಲಿ ಮೌನವಾಗಿ ಕುಳಿತ ಚಕ್ರವರ್ತಿಯೆಂದರೆ ಅಹವಾಲನ್ನು ತಿರಸ್ಕರಿಸಿದ ಚಕ್ರವರ್ತಿ ಎಂದೇ ಅರ್ಥ.

ಈಜಿಪ್ಟಿನ ಸ್ತಂಭದ ಪೀಠದ ಮುಂದೆ ಬೆಳಗಿನ ಬಹುಪಾಲನ್ನು ಕಳೆದೆ. ಅಮೃತಶಿಲೆಯ ಪೀಠದ ನಾಲ್ಕೂ ಮುಖಗಳಲ್ಲಿ ಚಕ್ರವರ್ತಿ ಒಂದನೆಯ ಥಿಯೋಡೋಸಿಯಸ್ ತನ್ನ ಕುಟುಂಬದೊಡನೆ ಮಂಟಪದಲ್ಲಿದ್ದಾನೆ. ಒಂದು ಮುಖದಲ್ಲಿ ಗೆದ್ದವನಿಗೆ ಕೊಡಲು ಮಾಲೆ ಹಿಡಿದು ನಿಂತಿದ್ದಾನೆ. ಅವನ ಕಾಲ ಕೆಳಗೆ ಪ್ರೇಕ್ಷಕರ ಸಾಲು, ಅದರ ಕೆಳಗೆ ಕುಣಿಯುವವರು, ವಾದ್ಯ ನುಡಿಸುವವರು. ಇನ್ನೊಂದು ಮುಖದಲ್ಲಿ ಪರದೇಶದವರು ಮಂಡಿಯೂರಿ ಕಾಣಿಕೆ ಒಪ್ಪಿಸುತ್ತಿದ್ದಾರೆ. ಪೀಠದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಶಾಸನಗಳಿವೆ. ಸ್ತಂಭವನ್ನು ಎತ್ತಿ ನಿಲ್ಲಿಸಲು ಲ್ಯಾಟಿನ್ ಶಾಸನದ ಪ್ರಕಾರ 30 ದಿನ, ಗ್ರೀಕ್ ಶಾಸನದ ಪ್ರಕಾರ 32 ದಿನ ಹಿಡಿಯಿತು. ಕೆಲಸ ಮಾಡಿಸಿದ ನಗರಾಧಿಕಾರಿ ಪ್ರೋಕ್ಲಸ್‌ಗೆ ಮುಂದೆ ಮರಣದಂಡನೆಯಾಗಿ, ಅವನ ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆದು, ಅನಂತರ ಮತ್ತೆ ಬರೆಸಿದರು. ತಿದ್ದಿದ ಜಾಗ ಇಂದಿಗೂ ತಿಳಿಯುತ್ತದೆ. ಪೀಠದ ಮೇಲಿನ ಜನರು ಎಲ್ಲರೂ ಒಂದೇ ಎತ್ತರ, ಎಲ್ಲರದೂ ಒಂದೇ ದಿಕ್ಕಿನ ನೋಟ. ಪ್ರಜೆಗಳು ಹೇಗಿರಬೇಕೆಂದು ಅರಮನೆ ಬಯಸುತ್ತಿತ್ತೋ ಹಾಗೆ ಅವರನ್ನು ಕೆತ್ತಲಾಗಿದೆ. ಈ ಸ್ತಂಭ ನಿಂತದ್ದು 390ರಲ್ಲಿ. ಆ ಇಸವಿಯನ್ನು ನೆನಪಿನಲ್ಲಿಟ್ಟುಕೊಂಡೇ ಮುಂದೆ ಗ್ರೀಸಿನ ಥೆಸಲೊನೀಕಿಗೂ ಹೋಗಬೇಕೆಂದು ಯೋಜಿಸಿದ್ದೆ.

532ರ ಜನವರಿ 13ರ ಮಂಗಳವಾರ ಇಲ್ಲಿ 24 ಪಂದ್ಯಗಳು ನಿಗದಿಯಾಗಿದ್ದವು. ಮೊದಲ ಪಂದ್ಯದಿಂದಲೇ ಎರಡೂ ಬಣಗಳು ಆ ಇಬ್ಬರ ಪ್ರಾಣಕ್ಕಾಗಿ ಮೊರೆಯಿಟ್ಟವು. ಉತ್ತರ ಬರಲಿಲ್ಲ. 22ನೆಯ ಪಂದ್ಯದ ಹೊತ್ತಿಗೆ ಕೂಗು ಬದಲಾಯಿತು: ‘ದಯಾಳುಗಳಾದ ಹಸಿರಿನವರೂ ನೀಲಿಯವರೂ ಬಹುಕಾಲ ಬಾಳಲಿ!’ ಅಲ್ಲಿಯವರೆಗೆ ಚಕ್ರವರ್ತಿಗೆ ಸಲ್ಲುತ್ತಿದ್ದ ಹಾರೈಕೆಯನ್ನು ಜನರು ತಮಗೆ ತಾವೇ ಹಾಡಿಕೊಂಡರು. ಪಂದ್ಯದಲ್ಲಿ ಸಾರಥಿಗೆ ಹುರುಪು ತುಂಬಲು ಹೇಳುವ ‘ನಿಕಾ’, ಎಂದರೆ ‘ಗೆಲ್ಲು’, ಆ ದಿನ ಗುಂಪಿನ ಗುರುತಿನ ಮಾತಾಯಿತು. ಸಂಜೆ ಅವರು ನಗರಾಧಿಕಾರಿಯ ಕಚೇರಿಗೆ ಹೋಗಿ ಆಶ್ರಯದಲ್ಲಿರುವವರ ಬಗ್ಗೆ ಏನು ನಿರ್ಧಾರವಾಯಿತೆಂದು ಕೇಳಿದರು. ಅಲ್ಲಿಯೂ ಉತ್ತರವಿಲ್ಲ. ಕಚೇರಿಗೆ ಬೆಂಕಿ ಬಿತ್ತು.

ಬೆಳಗಿನಿಂದ ಸಂಜೆಯವರೆಗೆ ಉತ್ತರ ಕೊಡಲು ಅವಕಾಶವಿತ್ತು ಎಂಬುದನ್ನು ಆ ಬಯಲಿನಲ್ಲಿ ನಿಂತಾಗ ಮರೆಯಲಾಗುವುದಿಲ್ಲ. ಒಂದೊಂದು ಪಂದ್ಯದ ನಡುವೆಯೂ ಬಿಡುವಿರುತ್ತಿತ್ತು. ಮಂಟಪಕ್ಕೂ ಮೆಟ್ಟಿಲಿಗೂ ಕೂಗಳತೆಯ ದೂರ. ಇಬ್ಬರು ಬಡಪಾಯಿಗಳ ಪ್ರಾಣಭಿಕ್ಷೆಯಿಂದ ಸಾಮ್ರಾಜ್ಯಕ್ಕೆ ಯಾವ ನಷ್ಟವೂ ಆಗುತ್ತಿರಲಿಲ್ಲ.

ಮೂರನೆಯ ದಿನ: ಬೆಂಕಿ ಹೋದ ದಾರಿ

ಬೆಳಿಗ್ಗೆ ಬೇಗನೆ, ದಂಗೆಯ ನಂತರ ಜಸ್ಟಿನಿಯನ್ ಕಟ್ಟಿಸಿದ ಮಹಾ ಇಗರ್ಜಿಯಾದ ಅಯಾಸೋಫಿಯಾಕ್ಕೆ ಹೋದೆ. 2020ರಿಂದ ಅದು ಮತ್ತೆ ಮಸೀದಿಯಾಗಿರುವುದರಿಂದ ಪ್ರವಾಸಿಗರಿಗೆ ಈಗ ಮೇಲಿನ ಗ್ಯಾಲರಿಗೆ ಮಾತ್ರ ಪ್ರವೇಶ, ಅದಕ್ಕೆ 25 ಯೂರೋ ಶುಲ್ಕ. ಗುಮ್ಮಟದ ಕೆಳಗೆ ನಿಂತಾಗ ಆಗುವ ಬೆರಗನ್ನು ಬಲ್ಲವರು ಅನೇಕರು ಬರೆದಿದ್ದಾರೆ. ನನಗೆ ಬೇಕಾಗಿದ್ದ ಕಲ್ಲುಗಳು ಕಟ್ಟಡದ ಹೊರಗೆ, ಪಶ್ಚಿಮದ ಬಾಗಿಲಿನ ಎದುರಿನ ತೋಡಿದ ತಗ್ಗಿನಲ್ಲಿದ್ದವು. 1935ರ ಉತ್ಖನನದಲ್ಲಿ ದೊರೆತ ಕಂಬದ ತುಂಡುಗಳು, ತೊಲೆಗಳು, ಹನ್ನೆರಡು ಕುರಿಗಳು ಸಾಲಾಗಿ ನಡೆಯುವ ಉಬ್ಬುಶಿಲ್ಪ: 532ರಲ್ಲಿ ಸುಟ್ಟುಹೋದ ಇಗರ್ಜಿಯಲ್ಲಿ ಉಳಿದದ್ದು ಇಷ್ಟು. ಅದನ್ನು ಎರಡನೆಯ ಥಿಯೋಡೋಸಿಯಸ್ 415ರಲ್ಲಿ ಪ್ರತಿಷ್ಠಾಪಿಸಿದ್ದ. ಅದಕ್ಕೂ ಮುಂಚಿನ ಇಗರ್ಜಿ ಬಿದ್ದದ್ದೂ ಜನಕ್ಷೋಭೆಯಲ್ಲೇ. ಅರಮನೆಯನ್ನೂ ಸಾಮ್ರಾಜ್ಞಿ ಯುಡೋಕ್ಸಿಯಾಳನ್ನೂ ಎದುರುಹಾಕಿಕೊಂಡ ಬಿಷಪ್ ಜಾನ್ ಕ್ರಿಸೋಸ್ಟಮ್‌ನನ್ನು 404ರ ಜೂನ್‌ನಲ್ಲಿ ಗಡೀಪಾರು ಮಾಡಿದ ದಿನ ಎದ್ದ ಬೆಂಕಿ ಇಗರ್ಜಿಯನ್ನೂ ಪಕ್ಕದ ಸೆನೆಟ್ ಭವನವನ್ನೂ ನುಂಗಿತು. ಹೀಗಾಗಿ ಇಂದು ಲೋಕವೇ ಬಂದು ನೋಡುವ ಈ ಕಟ್ಟಡ ಆ ಜಾಗದ ಮೂರನೆಯದು. ಹಿಂದಿನ ಎರಡನ್ನೂ ಅರಮನೆಗೂ ಊರಿಗೂ ನಡುವಿನ ಜಗಳ ಸುಟ್ಟಿತ್ತು.

ಅಯಾಸೋಫಿಯಾದ ಹಿಂದೆ, ತೊಪ್‌ಕಾಪಿ ಅರಮನೆಯ ಮೊದಲ ಅಂಗಳದಲ್ಲಿ, ಅಯಾ ಇರೀನಿ ಎಂಬ ಇನ್ನೊಂದು ಇಗರ್ಜಿಯಿದೆ. ಇವೆರಡರ ನಡುವೆ ಸ್ಯಾಂಪ್ಸನ್ ಆತುರಾಲಯದ ತಳಪಾಯದ ಅವಶೇಷಗಳಿವೆ. ದಂಗೆಯ ನಾಲ್ಕನೆಯ ದಿನ ಗಾಳಿ ಬೀಸಿ ಬೆಂಕಿ ಈ ಕಡೆ ಹಬ್ಬಿದಾಗ ಆತುರಾಲಯದ ರೋಗಿಗಳು ಹಾಸಿಗೆಯಲ್ಲೇ ಬೆಂದುಹೋದರೆಂದು ಆ ಕಾಲದ ಚರಿತ್ರಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಜನರ ಅಹವಾಲು ನ್ಯಾಯವಾದದ್ದೆಂದು ನಾನು ನಂಬುತ್ತೇನೆ. ಆ ನಂಬಿಕೆಯನ್ನು ಇಟ್ಟುಕೊಂಡೇ ಈ ಕಲ್ಲುಗಳ ಮುಂದೆಯೂ ನಿಲ್ಲಬೇಕು. ಅಧಿಕಾರಿಯ ಕಚೇರಿಗೆ ಹಚ್ಚಿದ ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ, ಮತ್ತು ಬೆಂಕಿ ಹಚ್ಚಿದವರಿಗೂ ಸತ್ತ ರೋಗಿಗಳಿಗೂ ನಡುವೆ ಯಾವ ಹಗೆಯೂ ಇರಲಿಲ್ಲ.

ಇದೇ ದಿನಗಳಲ್ಲಿ ಜನರ ಬೇಡಿಕೆ ಇಬ್ಬರ ಕ್ಷಮೆಯಿಂದ ಮುಂದೆ ಹೋಯಿತು. ಗುಂಪಿಗೆ ಬೇಕಾದದ್ದೇನೆಂದು ಕೇಳಿ ಬರಲು ಅರಮನೆಯಿಂದ ಹಿರಿಯ ಅಧಿಕಾರಿಗಳು ಹೊರಗೆ ಬಂದಾಗ ಜನರು ಮೂವರ ಹೆಸರು ಹೇಳಿದರು: ತೆರಿಗೆ ವಸೂಲಿಯಲ್ಲಿ ದಯೆ ಕಾಣದ ಕಪ್ಪಡೋಸಿಯಾದ ಜಾನ್, ನ್ಯಾಯವನ್ನು ಮಾರಿಕೊಳ್ಳುತ್ತಾನೆಂಬ ಆರೋಪ ಹೊತ್ತಿದ್ದ ಮಹಾನ್ಯಾಯಜ್ಞ ಟ್ರಿಬೋನಿಯನ್, ಮತ್ತು ನಗರಾಧಿಕಾರಿ ಯುಡೇಮನ್. ಜಾನ್‌ನ ಕಾಲದಲ್ಲಿ ತೆರಿಗೆಯ ಭಾರ ತಾಳಲಾರದೆ ಹಳ್ಳಿಗಳನ್ನು ಬಿಟ್ಟು ರಾಜಧಾನಿಗೆ ಬಂದವರು ಬಹಳವಿದ್ದರೆಂದು ಅವನ ಇಲಾಖೆಯಲ್ಲೇ ಕೆಲಸ ಮಾಡಿದ್ದ ಜಾನ್ ಲೈಡಸ್ ದಾಖಲಿಸಿದ್ದಾನೆ. ಜಸ್ಟಿನಿಯನ್ ಮೂವರನ್ನೂ ಅಧಿಕಾರದಿಂದ ಇಳಿಸಿದ. ಅದರ ಬೆನ್ನಲ್ಲೇ, ಪರ್ಷಿಯಾದ ಗಡಿಯಿಂದ ಹಿಂದಿರುಗಿದ್ದ ಸೇನಾನಿ ಬೆಲಿಸಾರಿಯಸ್ ಗಾಥ್ ಸೈನಿಕರೊಡನೆ ಬೀದಿಗಿಳಿದು ಜನರ ಮೇಲೆ ಬಿದ್ದ. ಬೇಡಿಕೆ ಒಪ್ಪಿದ ಕೈಯೇ ಸೈನ್ಯವನ್ನೂ ಕಳಿಸಿದ ಮೇಲೆ ಒಪ್ಪಿಗೆಯ ಮಾತಿಗೆ ಬೆಲೆ ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ದಂಗೆ ಕೈಮೀರಿದ್ದು ಈ ಗಳಿಗೆಯಲ್ಲಿ.

ಮಧ್ಯಾಹ್ನ ಬಸಿಲಿಕಾ ಜಲಾಶಯಕ್ಕೆ ಇಳಿದೆ. 336 ಕಂಬಗಳ ಈ ನೆಲದಡಿಯ ನೀರಿನ ಕೋಣೆಯನ್ನು ದಂಗೆಯ ನಂತರ ಜಸ್ಟಿನಿಯನ್ ಕಟ್ಟಿಸಿದ. ಮೆಡೂಸಾ ಮುಖಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರ ಸಾಲು ಬಹಳ ಉದ್ದವಿದ್ದುದರಿಂದ ಹೆಚ್ಚು ಹೊತ್ತು ಇರಲಿಲ್ಲ.

ನಾಲ್ಕನೆಯ ದಿನ: ಹೈಪೇಷಿಯಸ್‌ನ ನಡಿಗೆ

ಮೋಡ ಸರಿದು ಬಿಸಿಲು ಬಂದಿತ್ತು. ಬೆಳಿಗ್ಗೆ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಪೋರ್ಫಿರಿಯಸ್ ಎಂಬ ಸಾರಥಿಗೆ ನಿಲ್ಲಿಸಿದ್ದ ಪ್ರತಿಮೆಗಳ ಎರಡು ಪೀಠಗಳನ್ನು ನೋಡಿದೆ. ಸುಮಾರು 500ರ ಈ ಪೀಠಗಳು ಹಿಪ್ಪೊಡ್ರೋಮ್‌ನ ನಡುಗೋಡೆಯ ಮೇಲಿದ್ದವು. ಪೋರ್ಫಿರಿಯಸ್ ಎರಡೂ ಬಣಗಳಿಗೆ ಓಡಿಸಿ ಎರಡರಿಂದಲೂ ಗೌರವ ಪಡೆದವನು. ಪೀಠದ ಮೇಲೆ ಕೈಯೆತ್ತಿ ಜಯಕಾರ ಹಾಕುವ ಬಣದವರನ್ನು ಸಣ್ಣದಾಗಿ ಕೆತ್ತಿದ್ದಾರೆ. ಥಿಯೋಡೋಸಿಯಸ್‌ನ ಪೀಠದ ಸಾಲುಗೊಂಬೆಗಳಿಗಿಂತ ಇವರಲ್ಲಿ ಜೀವವಿದೆ. ಇದೇ ಪೋರ್ಫಿರಿಯಸ್ 507ರಲ್ಲಿ ಆಂಟಿಯೋಕ್‌ನ ಹಸಿರು ಬಣದ ಮುಂದಾಳಾಗಿದ್ದಾಗ ಅವನ ಹಿಂಬಾಲಕರು ಡಾಫ್ನೆಯ ಯಹೂದಿ ಪ್ರಾರ್ಥನಾಮಂದಿರವನ್ನು ನಾಶ ಮಾಡಿ ಅಲ್ಲಿದ್ದವರನ್ನು ಕೊಂದಿದ್ದರು. ಬಣಗಳ ಬಲ ಅನ್ಯಾಯದ ವಿರುದ್ಧವೇ ಯಾವಾಗಲೂ ತಿರುಗುತ್ತಿತ್ತೆಂದು ಹೇಳಲಾಗುವುದಿಲ್ಲ.

ಅಲ್ಲಿಂದ ಟ್ರಾಮ್‌ನಲ್ಲಿ ಲಾಲೇಲಿಗೆ ಹೋಗಿ, ನಡೆದು ಸರಾಚ್‌ಹಾನೆ ಉದ್ಯಾನ ತಲುಪಿದೆ. ವ್ಯಾಲೆನ್ಸ್‌ನ ಮೇಲ್ಗಾಲುವೆಯ ಹತ್ತಿರ, ಹುಲ್ಲಿನ ನಡುವೆ ಇಟ್ಟಿಗೆಯ ಕಮಾನುಗಳು ಮತ್ತು ನವಿಲುಗರಿಯ ಕೆತ್ತನೆಯಿದ್ದ ಒಂದು ಮಹಾ ಇಗರ್ಜಿಯ ಅಡಿಪಾಯ ಇಲ್ಲಿದೆ. ಸಂತ ಪೊಲಿಯುಕ್ಟಸ್‌ನ ಈ ಇಗರ್ಜಿಯನ್ನು 520ರ ದಶಕದಲ್ಲಿ ಕಟ್ಟಿಸಿದವಳು ಹಳೆಯ ರಾಜವಂಶದ ಅನಿಸಿಯಾ ಜೂಲಿಯಾನಾ. ಅವಳ ಗಂಡ ಅರಿಯೋಬಿಂಡಸ್‌ನ ಹೆಸರು 512ರ ಒಂದು ದಂಗೆಯಲ್ಲಿ ಬರುತ್ತದೆ. ವೃದ್ಧ ಚಕ್ರವರ್ತಿ ಅನಸ್ತಾಸಿಯಸ್ ಪ್ರಾರ್ಥನೆಯ ಸಾಲೊಂದಕ್ಕೆ ಹೊಸ ಮಾತು ಸೇರಿಸಿದ್ದನ್ನು ವಿರೋಧಿಸಿ ಜನ ಎದ್ದು, ಅರಿಯೋಬಿಂಡಸ್‌ನನ್ನೇ ಚಕ್ರವರ್ತಿಯೆಂದು ಕೂಗಿದರು. ಆತ ಮನೆಯಲ್ಲಿ ಸಿಗದಂತೆ ಜಾರಿಕೊಂಡ. ಆಗ ಎಂಬತ್ತು ದಾಟಿದ್ದ ಅನಸ್ತಾಸಿಯಸ್ ಕಿರೀಟವಿಲ್ಲದೆ ಹಿಪ್ಪೊಡ್ರೋಮ್‌ನ ಮಂಟಪಕ್ಕೆ ಬಂದು ಪಟ್ಟ ಬಿಡಲು ಸಿದ್ಧನೆಂದು ಘೋಷಕರ ಮೂಲಕ ಹೇಳಿಸಿದ. ಬರಿದಲೆಯ ಮುದುಕನನ್ನು ಕಂಡು ಜನ ಕರಗಿದರು, ಕಿರೀಟ ಧರಿಸೆಂದು ಅವರೇ ಬೇಡಿಕೊಂಡರು. ಇಪ್ಪತ್ತು ವರ್ಷಗಳ ಬಳಿಕ ಇದೇ ದಾರಿಯನ್ನು ಜಸ್ಟಿನಿಯನ್ ಹಿಡಿದ. ಜನವರಿ 18ರ ಭಾನುವಾರ ಬೆಳಿಗ್ಗೆ ಕೈಯಲ್ಲಿ ಸುವಾರ್ತೆಯ ಗ್ರಂಥ ಹಿಡಿದು ಮಂಟಪಕ್ಕೆ ಬಂದು, ತಪ್ಪು ತನ್ನದೆಂದು ಒಪ್ಪಿ, ಎಲ್ಲರಿಗೂ ಕ್ಷಮೆಯ ಪ್ರಮಾಣ ಮಾಡಿದ. ‘ಸುಳ್ಳು ಪ್ರಮಾಣ’ ಎಂಬ ಕೂಗು ಮೇಲೆದ್ದಿತು. 512ರಲ್ಲಿ ಅರಸ ಪಟ್ಟವನ್ನೇ ಬಿಡಲು ಸಿದ್ಧನಾಗಿ ಜನರೆದುರು ಬಂದಿದ್ದ. 532ರಲ್ಲಿ ಕತ್ತಿ ಬೀಸಿ, ಅದು ಸಾಲದಾದ ಮೇಲೆ ಬಂದ.

ಸರಾಚ್‌ಹಾನೆಯಿಂದ ಹಿಂದಿರುಗಿ ಚೆಂಬರ್‌ಲಿತಾಷ್‌ಗೆ ಬಂದೆ. 330ರಲ್ಲಿ ಕಾನ್‌ಸ್ಟಾಂಟೀನ್ ನಿಲ್ಲಿಸಿದ ಕೆಂಗಲ್ಲಿನ ಕಂಬ ಕಬ್ಬಿಣದ ಪಟ್ಟಿಗಳ ಬಿಗಿತದಲ್ಲಿ ಇಂದಿಗೂ ನಿಂತಿದೆ. ಅದರ ಸುತ್ತ ದುಂಡಗಿನ ಚೌಕವಿತ್ತು. ಹಿಂದಿನ ರಾತ್ರಿ ಜಸ್ಟಿನಿಯನ್ ಅರಮನೆಯಲ್ಲಿದ್ದ ಅನಸ್ತಾಸಿಯಸ್‌ನ ಸೋದರಳಿಯಂದಿರಾದ ಹೈಪೇಷಿಯಸ್ ಮತ್ತು ಪೊಂಪೀಯಸ್‌ರನ್ನು ಮನೆಗೆ ಕಳಿಸಿಬಿಟ್ಟಿದ್ದ. ಜನ ತಮ್ಮನ್ನು ಸಿಂಹಾಸನಕ್ಕೆ ಎಳೆಯಬಹುದೆಂದು ಅವರೇ ಹೆದರಿ ಹೋಗಲು ಒಪ್ಪಿರಲಿಲ್ಲ. ಬೆಳಗಾದ ಮೇಲೆ ಹಾಗೆಯೇ ಆಯಿತು. ಹೈಪೇಷಿಯಸ್‌ನ ಹೆಂಡತಿ ಮೇರಿ, ಗಂಡನನ್ನು ಸಾವಿಗೆ ಎಳೆದೊಯ್ಯುತ್ತಿದ್ದೀರೆಂದು ಅಳುತ್ತ ತಡೆದಳು. ಜನ ಕೇಳಲಿಲ್ಲ. ಈ ಚೌಕದಲ್ಲಿ, ಕಿರೀಟ ಸಿಗದೆ ಒಂದು ಚಿನ್ನದ ಸರವನ್ನೇ ಅವನ ತಲೆಗೆ ಸುತ್ತಿ ಚಕ್ರವರ್ತಿಯೆಂದು ಸಾರಿದರು.

ಚೆಂಬರ್‌ಲಿತಾಷ್‌ನಿಂದ ಹಿಪ್ಪೊಡ್ರೋಮ್‌ಗೆ ಇಳಿಜಾರಿನ ಹಾದಿ; ಟ್ರಾಮ್ ಹಳಿಯ ಪಕ್ಕದಲ್ಲಿ ನಿಧಾನವಾಗಿ ನಡೆದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಈ ಬೀದಿಯೇ ಆಗಿನ ಮೇಸೆ, ಸಾಮ್ರಾಜ್ಯದ ರಾಜಬೀದಿ. ಅದರ ತುದಿಯಲ್ಲಿ, ಎಲ್ಲ ದೂರಗಳನ್ನೂ ಅಳೆಯಲು ಆಧಾರವಾಗಿದ್ದ ಮಿಲಿಯನ್ ಎಂಬ ಕಟ್ಟಡದ ಒಂದು ಕಲ್ಲು ಮಾತ್ರ ಉಳಿದಿದೆ. ಹೈಪೇಷಿಯಸ್ ಈ ಬೀದಿಯಲ್ಲಿ ಮನಸ್ಸಿಲ್ಲದೆ ನಡೆದ; ಮಂಟಪದಲ್ಲಿ ಕುಳಿತ ಮೇಲೂ, ನಿನ್ನ ಶತ್ರುಗಳೆಲ್ಲರನ್ನೂ ಒಂದೆಡೆ ಕೂಡಿಸಿದ್ದೇನೆ, ಬೇಕಾದುದನ್ನು ಮಾಡು ಎಂದು ಜಸ್ಟಿನಿಯನ್‌ಗೆ ಗುಟ್ಟಾಗಿ ಹೇಳಿಕಳಿಸಿದ. ದೂತನಿಗೆ ದಾರಿಯಲ್ಲಿ ಸಿಕ್ಕ ಅರಮನೆಯ ವೈದ್ಯ ಚಕ್ರವರ್ತಿ ಓಡಿಹೋಗಿದ್ದಾನೆಂದು ತಪ್ಪು ಸುದ್ದಿ ಕೊಟ್ಟ. ಅದನ್ನು ಕೇಳಿದ ಮೇಲೆ ಹೈಪೇಷಿಯಸ್‌ಗೆ ಧೈರ್ಯ ಬಂತೆಂದು ‘ಕ್ರೋನಿಕಾನ್ ಪಾಸ್ಕಾಲೆ’ ಎಂಬ ವೃತ್ತಾಂತ ಹೇಳುತ್ತದೆ.

ಐದನೆಯ ದಿನ: ಸಮುದ್ರದ ಬದಿ

ಜಸ್ಟಿನಿಯನ್ ಓಡಿಹೋಗಲು ಸಿದ್ಧನಾಗಿದ್ದದ್ದು ಮಾತ್ರ ನಿಜ. ಮರ್ಮರಾ ಸಮುದ್ರದ ದಂಡೆಯಲ್ಲಿ ಬೂಕೊಲಿಯೊನ್ ಅರಮನೆಯ ಮುಂಗೋಡೆ ಅಮೃತಶಿಲೆಯ ಕಿಟಕಿ ಚೌಕಟ್ಟುಗಳೊಡನೆ ನಿಂತಿದೆ. ಕಟ್ಟಡದಲ್ಲಿ ಬಹುಭಾಗ ಮುಂದಿನ ಕಾಲದ್ದು, ಆದರೆ ಅರಮನೆಯವರು ಹಡಗು ಹತ್ತುತ್ತಿದ್ದದ್ದು ಈ ದಂಡೆಯಲ್ಲೇ. ಈಗ ಗೋಡೆಗೂ ನೀರಿಗೂ ನಡುವೆ ಹೆದ್ದಾರಿಯಿದೆ. ಮಂತ್ರಾಲೋಚನೆಯಲ್ಲಿ ಪಲಾಯನದ ಮಾತು ಬಂದಾಗ ಸಾಮ್ರಾಜ್ಞಿ ಥಿಯೋಡೋರಾ ಎದ್ದು ನಿಂತು, ಹಣವಿದೆ, ಸಮುದ್ರ ಅಲ್ಲಿದೆ, ದೋಣಿಗಳು ಇಲ್ಲಿವೆ, ಆದರೆ ತನಗೆ ರಾಜತ್ವವೇ ಒಳ್ಳೆಯ ಶವವಸ್ತ್ರ ಎಂದಳೆಂದು ಪ್ರೊಕೋಪಿಯಸ್ ಬರೆಯುತ್ತಾನೆ. ಬೆಲಿಸಾರಿಯಸ್‌ನ ಕಾರ್ಯದರ್ಶಿಯಾಗಿದ್ದ ಅವನು ಆ ದಿನಗಳಲ್ಲಿ ನಗರದಲ್ಲಿದ್ದಿರುವುದೇ ಹೆಚ್ಚು ಸಂಭವ; ಭಾಷಣದ ಮಾತುಗಳು ಮಾತ್ರ ಅವನ ಲೇಖನಿಯವೆಂದೇ ವಿದ್ವಾಂಸರ ಒಲವು. ಈ ಭಾಷಣವನ್ನು ಧೈರ್ಯದ ಮಾದರಿಯೆಂದು ಎಷ್ಟೋ ಕಡೆ ಉದ್ಧರಿಸುತ್ತಾರೆ. ಆ ಧೈರ್ಯದ ಬೆಲೆಯನ್ನು ತೆತ್ತವರು ಹಿಪ್ಪೊಡ್ರೋಮ್‌ನಲ್ಲಿ ಕುಳಿತಿದ್ದರು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಮೊದಲು ಅರಮನೆಯ ಅಧಿಕಾರಿ ನಾರ್ಸೆಸ್ ಚಿನ್ನದ ಚೀಲದೊಡನೆ ನುಸುಳಿ ನೀಲಿ ಬಣದ ಕೆಲವರನ್ನು ಒಡೆದ. ಆಮೇಲೆ ಬೆಲಿಸಾರಿಯಸ್ ಸುಟ್ಟ ಅರಮನೆ ಬಾಗಿಲಿನ ಅವಶೇಷಗಳನ್ನು ದಾಟಿ ಒಂದು ಕಡೆಯಿಂದ, ಮುಂಡಸ್ ಎಂಬ ಸೇನಾನಿ ಹೆರುಲ್ ಎಂಬ ಬುಡಕಟ್ಟಿನ ಸೈನಿಕರೊಡನೆ ಇನ್ನೊಂದು ಬಾಗಿಲಿನಿಂದ ಹಿಪ್ಪೊಡ್ರೋಮ್‌ನೊಳಗೆ ನುಗ್ಗಿದರು. ಸತ್ತವರು 30,000ಕ್ಕೂ ಹೆಚ್ಚೆಂದು ಪ್ರೊಕೋಪಿಯಸ್, 35,000 ಎಂದು ಅದೇ ಕಾಲದ ವೃತ್ತಾಂತಕಾರ ಮಲಾಲಸ್. ಪ್ರಾಚೀನರ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅವುಗಳ ಮೂರನೆಯ ಒಂದು ಭಾಗ ನಿಜವಾಗಿದ್ದರೂ ಸಾಕು. ಮರುದಿನ ಹೈಪೇಷಿಯಸ್ ಮತ್ತು ಪೊಂಪೀಯಸ್‌ರನ್ನು ಕೊಂದು ಸಮುದ್ರಕ್ಕೆ ಎಸೆದರು.

ಹಿಪ್ಪೊಡ್ರೋಮ್‌ನ ದಕ್ಷಿಣದ ತುದಿ ಇಳಿಜಾರಿನ ಮೇಲಿದ್ದುದರಿಂದ ಅದನ್ನು ಆನಿಸಲು ಕಟ್ಟಿದ ಸ್ಫೆಂಡೊನೆ ಎಂಬ ಬಾಗಿದ ಮಹಾಗೋಡೆ ಇನ್ನೂ ಇದೆ. ಕೆಳಗಿನ ಓಣಿಯಿಂದ ಕತ್ತೆತ್ತಿ ನೋಡಿದಾಗಲೇ ಅದರ ಗಾತ್ರ ತಿಳಿಯುವುದು. ಬಾಗಿಲುಗಳು ಮುಚ್ಚಿದರೆ ಒಳಗಿನವರಿಗೆ ಹಾರಿ ತಪ್ಪಿಸಿಕೊಳ್ಳಲು ದಾರಿಯೇ ಇರುತ್ತಿರಲಿಲ್ಲ ಎಂಬುದು ನನಗೆ ಪುಸ್ತಕಗಳಿಂದ ಅರ್ಥವಾಗಿರಲಿಲ್ಲ, ಈ ಗೋಡೆಯ ಬುಡದಲ್ಲಿ ಅರ್ಥವಾಯಿತು.

ಅದೇ ಇಳಿಜಾರಿನ ಕೆಳಗೆ ಚಿಕ್ಕ ಅಯಾಸೋಫಿಯಾ ಇದೆ. ಸಂತ ಸರ್ಜಿಯಸ್ ಮತ್ತು ಬಾಕಸ್‌ರ ಹೆಸರಿನಲ್ಲಿ ಜಸ್ಟಿನಿಯನ್ ದಂಪತಿ ಕಟ್ಟಿಸಿದ ಇಗರ್ಜಿ, ಈಗ ಮಸೀದಿ. ಒಳಗೆ ಕಂಬಗಳ ಮೇಲಿನ ಪಟ್ಟಿಯಲ್ಲಿ ಗ್ರೀಕ್ ಪದ್ಯಶಾಸನ ಸುತ್ತಿ ಬರುತ್ತದೆ. ಥಿಯೋಡೋರಾ ನಿರ್ಗತಿಕರ ಪೋಷಣೆಗಾಗಿ ಸದಾ ಶ್ರಮಿಸುವವಳೆಂದು ಅದು ಹೊಗಳುತ್ತದೆ. ಹತ್ಯಾಕಾಂಡದ ಜಾಗದಿಂದ ಇಲ್ಲಿಗೆ ಕೆಲವೇ ನಿಮಿಷಗಳ ದಾರಿ. ಸುಟ್ಟ ಇಗರ್ಜಿಯ ಜಾಗದಲ್ಲಿ ಟ್ರಾಲೆಸ್‌ನ ಆಂಥೀಮಿಯಸ್ ಮತ್ತು ಮಿಲೇಟಸ್‌ನ ಇಸಿಡೋರ್ ಹೊಸ ಅಯಾಸೋಫಿಯಾದ ಕೆಲಸ ಆರಂಭಿಸಿದ್ದು 532ರ ಫೆಬ್ರವರಿ 23ರಂದು. ಹೆಣಗಳು ಬಿದ್ದ ಮೇಲೆ ಆರು ವಾರವೂ ಕಳೆದಿರಲಿಲ್ಲ. 537ರ ಡಿಸೆಂಬರ್ 27ರಂದು ಅದು ಪ್ರತಿಷ್ಠಾಪನೆಯಾಯಿತು. ಕಪ್ಪಡೋಸಿಯಾದ ಜಾನ್ ಅಷ್ಟರಲ್ಲಿ ತನ್ನ ಹುದ್ದೆಗೆ ಮರಳಿ ವರ್ಷಗಳೇ ಆಗಿದ್ದವು. ಟ್ರಿಬೋನಿಯನ್ ಕೂಡ ಮರಳಿದ್ದ. ಜನರು ಕೇಳಿ ಪಡೆದಿದ್ದ ಒಂದೇ ಒಂದು ಫಲವನ್ನೂ ಹೀಗೆ ಹಿಂದಕ್ಕೆ ಪಡೆಯಲಾಯಿತು.

ರಾತ್ರಿ ಎಸೆನ್ಲೆರ್ ನಿಲ್ದಾಣದಿಂದ ಥೆಸಲೊನೀಕಿಗೆ ಬಸ್ ಹತ್ತಿದೆ. ಇಪ್ಸಲಾ ಗಡಿಯಲ್ಲಿ ಎರಡೂ ದೇಶಗಳ ತಪಾಸಣೆಗಾಗಿ ಚಳಿಯಲ್ಲಿ ಇಳಿದು ನಿಲ್ಲಬೇಕಾಯಿತು. ಭಾರತದ ಪಾಸ್‌ಪೋರ್ಟಿನವರು ಮೊದಲು ಷೆಂಗೆನ್ ವೀಸಾ ಮಾಡಿಸಿಕೊಂಡರೆ ಅದರ ಆಧಾರದ ಮೇಲೆ ಟರ್ಕಿಯ ಇ-ವೀಸಾ ಸುಲಭವಾಗಿ ದೊರೆಯುತ್ತದೆ.

ಆರನೆಯ ದಿನ: ಥೆಸಲೊನೀಕಿ

ಎಗ್ನಾಶಿಯಾ ಬೀದಿಯಲ್ಲಿ, ಪರ್ಷಿಯನ್ನರ ಮೇಲೆ ರೋಮನ್ ಚಕ್ರವರ್ತಿ ಗಲೇರಿಯಸ್ ಗಳಿಸಿದ ಜಯದ ನೆನಪಿನ ಕಮಾನಿನ ಕೆಳಗೆ, ಕಾಲೇಜು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಕಾಯುತ್ತ ನಿಂತಿದ್ದರು. ಅಲ್ಲಿಂದ ಸಮುದ್ರದ ಕಡೆಗೆ ಇಳಿದರೆ ನವಾರಿನೋ ಚೌಕದಲ್ಲಿ ಗಲೇರಿಯಸ್‌ನ ಅರಮನೆಯ ಅವಶೇಷ. ಅದರ ಪೂರ್ವಕ್ಕೆ ಅರಮನೆಗೆ ಹೊಂದಿಕೊಂಡೇ ಹಿಪ್ಪೊಡ್ರೋಮ್ ಇತ್ತು. ಈಗ ಅಲ್ಲಿ ವಸತಿ ಕಟ್ಟಡಗಳು, ಬೆಂಚುಗಳು, ಮರಗಳು, ‘ಇಪ್ಪೊಡ್ರೋಮಿಯು’ ಎಂಬ ಚೌಕದ ಹೆಸರು. ಓಟದ ಕಣ ಮನೆಗಳ ಅಡಿಯಲ್ಲಿದೆ.

390ರಲ್ಲಿ ಇಲ್ಲಿನ ಸೇನಾಧಿಪತಿ ಗಾಥ್ ವಂಶದ ಬುಥೆರಿಕ್ ಜನಪ್ರಿಯ ಸಾರಥಿಯೊಬ್ಬನನ್ನು ಲೈಂಗಿಕ ಅಪರಾಧದ ಆರೋಪದ ಮೇಲೆ ಸೆರೆಯಲ್ಲಿಟ್ಟ. ಪಂದ್ಯದ ದಿನ ಹತ್ತಿರ ಬಂದಾಗ ಬಿಡೆಂದು ಜನ ಕೇಳಿದರು, ಅವನು ಒಪ್ಪಲಿಲ್ಲ, ದಂಗೆಯೆದ್ದು ಅವನನ್ನು ಕೊಂದರು. ಥಿಯೋಡೋಸಿಯಸ್ ಆಗ ಇಟಲಿಯಲ್ಲಿದ್ದ. ಅವನ ಆಜ್ಞೆಯ ಮೇರೆಗೆ ಸೈನಿಕರು ಅಪರಾಧಿ ಯಾರು, ನಿರಪರಾಧಿ ಯಾರು ಎಂದು ನೋಡದೆ ಕೊಂದರು. ಪಂದ್ಯ ನೋಡಲೆಂದು ಕರೆದು ಸುತ್ತುವರಿದು ಕೊಂದರೆಂದು ಇಗರ್ಜಿಯ ಚರಿತ್ರಕಾರ ರುಫಿನಸ್ ಬರೆಯುತ್ತಾನೆ. ಸತ್ತವರು 7,000 ಎಂದು ಇನ್ನೊಬ್ಬ ಚರಿತ್ರಕಾರ ಥಿಯೋಡೊರೆಟ್. ಸುಗ್ಗಿಯಲ್ಲಿ ತೆನೆ ಕೊಯ್ದಂತೆ ಕೊಯ್ದರು ಎಂಬುದು ಅವನ ಮಾತು. ಮತ್ತೊಬ್ಬ ಚರಿತ್ರಕಾರ ಸೊಜೊಮೆನ್ ಹೇಳುವ ಪ್ರಕಾರ ಇಷ್ಟು ತಲೆಗಳೆಂದು ಸೈನಿಕರಿಗೆ ಲೆಕ್ಕ ಕೊಡಲಾಗಿತ್ತು. ಇಬ್ಬರು ಗಂಡುಮಕ್ಕಳನ್ನು ಹಿಡಿದಾಗ ಅವರ ತಂದೆ, ಒಬ್ಬ ವ್ಯಾಪಾರಿ, ಅವರ ಬದಲಿಗೆ ತನ್ನನ್ನು ಕೊಲ್ಲಿರೆಂದು ಚಿನ್ನವನ್ನೂ ಮುಂದಿಟ್ಟ. ಒಬ್ಬನನ್ನು ಬಿಡಬಹುದು, ಇಬ್ಬರನ್ನೂ ಬಿಟ್ಟರೆ ಲೆಕ್ಕ ಕಡಿಮೆಯಾಗುತ್ತದೆ ಎಂದರು. ಯಾರನ್ನು ಉಳಿಸಬೇಕೆಂದು ಅವನು ಅಳುತ್ತ ಇಬ್ಬರ ಮುಖವನ್ನೂ ನೋಡುತ್ತಿದ್ದಂತೆಯೇ ಇಬ್ಬರನ್ನೂ ಕೊಂದರು.

ಅದೇ ವರ್ಷ, ಚಕ್ರವರ್ತಿ ಊರಿನಲ್ಲಿ ಇಲ್ಲದಿರುವಾಗಲೇ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವನು ಮಾಲೆ ಹಿಡಿದು ನಿಂತ ಚಿತ್ರದ ಪೀಠದ ಮೇಲೆ ಸ್ತಂಭ ಏರಿತು.

ಈ ಚಕ್ರವರ್ತಿಗೆ ಕ್ಷಮಿಸಲು ಬರುತ್ತಿರಲಿಲ್ಲವೆಂದೂ ಹೇಳುವಂತಿಲ್ಲ. ಮೂರು ವರ್ಷಗಳ ಹಿಂದೆ, 387ರಲ್ಲಿ, ಹೊಸ ತೆರಿಗೆಯೊಂದಕ್ಕೆ ಸಿಟ್ಟಾದ ಆಂಟಿಯೋಕ್‌ನ ಜನ ಅವನ ಮತ್ತು ಅವನ ತೀರಿಹೋಗಿದ್ದ ಹೆಂಡತಿ ಫ್ಲಾಸಿಲ್ಲಾಳ ಪ್ರತಿಮೆಗಳನ್ನು ಉರುಳಿಸಿ ಬೀದಿಯಲ್ಲಿ ಎಳೆದಾಡಿದ್ದರು. ರಾಜಪ್ರತಿಮೆಗೆ ಮಾಡಿದ ಅವಮಾನ ರಾಜದ್ರೋಹ. ಆದರೆ ಅಲ್ಲಿ ತನಿಖಾಧಿಕಾರಿಗಳು ಹೋದರು, ವಿಚಾರಣೆ ನಡೆಯಿತು, ಗುಡ್ಡದ ಸನ್ಯಾಸಿಗಳು ಇಳಿದು ಬಂದು ಅಧಿಕಾರಿಗಳನ್ನು ತಡೆದರು, ವೃದ್ಧ ಬಿಷಪ್ ಫ್ಲೇವಿಯನ್ ಚಳಿಗಾಲದ ಕೊನೆಯಲ್ಲಿ ರಾಜಧಾನಿಗೆ ಪ್ರಯಾಣ ಮಾಡಿ ಊರಿನ ಪರವಾಗಿ ಬೇಡಿಕೊಂಡ. ಆಗಿನ್ನೂ ಅಲ್ಲಿ ಪಾದ್ರಿಯಾಗಿದ್ದ ಕ್ರಿಸೋಸ್ಟಮ್ ನಡುಗುತ್ತಿದ್ದ ಜನರಿಗೆ ಉಪದೇಶ ಮಾಡಿ ಧೈರ್ಯ ತುಂಬಿದ. ಈಸ್ಟರ್ ಹೊತ್ತಿಗೆ ಕ್ಷಮೆ ಸಿಕ್ಕಿತು. ಎರಡು ಊರುಗಳ ಅಪರಾಧದಲ್ಲಿ ವ್ಯತ್ಯಾಸವಿದೆ, ನಿಜ: ಒಂದು ಕಡೆ ಮುರಿದದ್ದು ಕಂಚು, ಇನ್ನೊಂದು ಕಡೆ ಹೋದದ್ದು ಸೇನಾಧಿಪತಿಯ ಪ್ರಾಣ. ಆದರೂ ಆಂಟಿಯೋಕ್‌ನ ಎಷ್ಟೋ ಜನರನ್ನು ಉಳಿಸಿದ್ದು ವಾರಗಟ್ಟಲೆ ಸಿಕ್ಕ ಕಾಲಾವಕಾಶ ಎಂದು ನನಗೆ ತೋರುತ್ತದೆ.

ಥೆಸಲೊನೀಕಿಯ ಸುದ್ದಿ ಕೇಳಿದ ಮಿಲಾನ್‌ನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಸ್ವಹಸ್ತದಿಂದ ಪತ್ರ ಬರೆದು, ಪಶ್ಚಾತ್ತಾಪ ಪಡುವವರೆಗೆ ಅವನೆದುರು ಪೂಜೆ ಸಲ್ಲಿಸಲಾರೆ ಎಂದ. ಥಿಯೋಡೋಸಿಯಸ್ ರಾಜಲಾಂಛನಗಳನ್ನು ಕಳಚಿ ಇಗರ್ಜಿಯಲ್ಲಿ ಎಲ್ಲರೆದುರು ಪಶ್ಚಾತ್ತಾಪ ಪಟ್ಟ. ಕಠಿಣ ಶಿಕ್ಷೆಯ ಆಜ್ಞೆಗಳನ್ನು 30 ದಿನ ತಡೆಹಿಡಿದು, ಅನಂತರವೇ ಜಾರಿಗೊಳಿಸಬೇಕೆಂಬ ಅವನ ಕಾನೂನೊಂದು ರೋಮನ್ ಕಾನೂನುಗಳ ಸಂಗ್ರಹವಾದ ಥಿಯೋಡೋಸಿಯನ್ ಸಂಹಿತೆಯಲ್ಲಿದೆ. ಅಲ್ಲಿ ಅದಕ್ಕೆ 382ರ ತಾರೀಖಿದ್ದರೂ ಅದನ್ನು ಈ ಘಟನೆಯ ಫಲವೆಂದೇ ಅನೇಕ ಇತಿಹಾಸಕಾರರು ಎಣಿಸುತ್ತಾರೆ. ಆಂಬ್ರೋಸ್‌ನ ಪತ್ರದಲ್ಲಿ ಇನ್ನೊಂದು ವಿಷಯವೂ ಇದೆ. ಥಿಯೋಡೋಸಿಯಸ್ ಕೊಲ್ಲುವ ಆಜ್ಞೆಯನ್ನು ತಾನಾಗಿಯೇ ಹಿಂತೆಗೆದುಕೊಂಡಿದ್ದ, ಆದರೆ ತಡವಾಗಿ. ಅದು ಈ ಊರನ್ನು ಮುಟ್ಟುವ ಮೊದಲೇ ಸೈನಿಕರು ಕೆಲಸ ಮುಗಿಸಿದ್ದರು.